ಪುರಭವನದಲ್ಲಿ ಎಮಿಲ್ಡಾ

ಸಂಜೆಪತ್ರಿಕೆಗೆ ನಾನು ಬರೆಯುವುದು ಸಾಮಾನ್ಯವಾಗಿ
ತಾಳಮದ್ದಳೆ, ರಂಗಪ್ರವೇಶ,
ಒಮ್ಮೊಮ್ಮೆ ಚರಂಡಿ.
"ಸೊಪ್ರಾನೊ ಅಂದ್ರೆ ಎಂಥದು ಮಾರಾಯ್ರೆ?" ಉಪಸಂಪಾದಕರು ಕೇಳಿದರು.
"ಹೆಂಗಸರ ದನಿಯಲ್ಲಿ ಎಲ್ಲಕ್ಕಿಂತ ಮೇಲಿನದು."
"ಹಾಗಾದ್ರೆ ಹಾಗೇ ಬರೀರಿ. ಮುನ್ನೂರು ಪದ.
ಪ್ರಾಯೋಜಕರ ಹೆಸರು ಬಿಡ್ಬೇಡಿ."

ಎಮಿಲ್ಡಾ ತಾವ್ರೊ. ಜೆಪ್ಪಿನ ಹುಡುಗಿ.
ಹುಡುಗಿ ಎಂದೆನೇ? ನಲವತ್ತಾರು.
ಹೊರಗೆ ಇಪ್ಪತ್ತು ವರ್ಷ ಹಾಡಿ
ಊರಲ್ಲಿ ಇದು ಮೊದಲು.
ತಾಯಿ ಸಿಸಿಲ್ಯಾಬಾಯಿ ಬಿಸ್ಕತ್ತಿನ ಡಬ್ಬಿ ತೆರೆದು
ನನ್ನ ಮಡಿಲಿಗೆ ಸುರಿದರು:
ಜರ್ಮನ್, ಇಟಾಲಿಯನ್, ಇಂಗ್ಲಿಷ್ ತುಣುಕುಗಳು,
ನುಸಿಗುಳಿಗೆಯ ವಾಸನೆ.
ಒಂದರಲ್ಲಿ ಯಾರೋ ಪೆನ್ಸಿಲಿನಲ್ಲಿ ಅರ್ಥ ಬರೆದಿದ್ದರು,
ವಿಷ ಕುಡಿದ ರಾಣಿಯಾಗಿ ಮೂರನೆಯ ಅಂಕದಲ್ಲಿ
ಅವಳ ದನಿ ಅಪ್ಪಟ ಬೆಳ್ಳಿ ಎಂದು.
"ಬೆಳ್ಳಿಯಾ?" ಎಂದರು ಸಿಸಿಲ್ಯಾಬಾಯಿ,
"ಚಿನ್ನ ಅಂತ ಬರೆಯಲಿಕ್ಕೆ ಅವನಿಗೆ ಏನು ಕಷ್ಟ ಇತ್ತು?"

ಪುರಭವನ. ಫ್ಯಾನುಗಳನ್ನು ನಿಲ್ಲಿಸಿದ್ದರು, ಸದ್ದಾಗುತ್ತದೆಂದು.
ಬೆವರುತ್ತ ಕೂತೆವು.
ಕಡಲಗಾಳಿಗೆ ತುಕ್ಕು ತಿಂದ ಪಿಯಾನೊದ ಒಂದು ಮನೆ
ಒತ್ತಿದರೆ ಮೇಲೇಳುತ್ತಿರಲಿಲ್ಲ,
ನುಡಿಸುವವನು ಪ್ರತಿ ಸಲ ಅದನ್ನು ಬೆರಳಿಂದ ಕೀಳುತ್ತಿದ್ದ.
ಹೊರಗೆ ಬಸ್ಸಿನವನ ಸೀಟಿ, ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್.
ಅವಳು ಬಂದಳು. ನಿಂತಳು.
ಸುಮಾರು ಹೊತ್ತು ಸುಮ್ಮನೆ ನಿಂತಳು.

ನಾನು ಬರೆದೆ: ಸುಶ್ರಾವ್ಯ. ಹೊಡೆದುಹಾಕಿದೆ.
ಗಂಧರ್ವ. ಹೊಡೆದುಹಾಕಿದೆ.
ಮಂತ್ರಮುಗ್ಧ ಎಂದು ಬರೆಯುವಷ್ಟರಲ್ಲಿ
ಪೆನ್ನು ನಿಂತಿತು, ಯಾಕೆಂದರೆ ಆಗ

ಆ ಸ್ವರ ತೆಳ್ಳಗಾಗುತ್ತಿತ್ತು.
ಅಳಿವೆಯಲ್ಲಿ ದೋಣಿಯಿಂದ ಕೈ ಇಳಿಬಿಟ್ಟು
ಆಗಾಗ ನಾಲಗೆಗೆ ತಾಗಿಸಿಕೊಂಡು ಹೋದವರಿಗೆ ಗೊತ್ತು,
ನೇತ್ರಾವತಿ ಯಾವ ಬೊಗಸೆಯಿಂದ ಉಪ್ಪು
ಎಂದು ಹೇಳಲಾಗುವುದಿಲ್ಲ.
ಹಾಗೆ ಅವಳ ಹಾಡು ಎಲ್ಲಿ ಮುಗಿಯಿತು,
ನಮ್ಮ ಸುಮ್ಮನಿರುವಿಕೆ ಎಲ್ಲಿ ಸುರುವಾಯಿತು
ಎಂದು ತಿಳಿಯದೆ ಯಾರೂ ಕೆಮ್ಮಲಿಲ್ಲ.

"ಕೊಂಕಣಿ! ಒಂದು ಕೊಂಕಣಿ!" ಹಿಂದಿನಿಂದ ಕೂಗಿದರು.
ನಕ್ಕಳು. ಪಿಯಾನೊದವನ ಕಡೆ ತಿರುಗಿ
ಎರಡನೆಯ ಹಾಡಿನ ಆ ಕಡಿದಾದ ಸಾಲನ್ನೇ
ಇನ್ನೊಮ್ಮೆ ಹಾಡಿದಳು.
ಮೊದಲ ಸಲ ಅದು ಅವಸರವಾಗಿತ್ತು.
ನಮಗಾರಿಗೂ ಗೊತ್ತಾಗಿರಲಿಲ್ಲ. ಅವಳಿಗೆ ಗೊತ್ತಿತ್ತು.
ನನ್ನ ಇಡೀ ಮೆಚ್ಚುಗೆ ಇಷ್ಟೇ,
ಉಳಿದದ್ದು ಶಾಲು, ಹಾರ, ವಂದನಾರ್ಪಣೆ.

ಸಿಸಿಲ್ಯಾಬಾಯಿ ಮೂರನೆಯ ಸಾಲಲ್ಲಿದ್ದರು.
ಮೂವತ್ತೊಂದು ವರ್ಷ ಹಂಚಿನ ಕಾರ್ಖಾನೆಯಲ್ಲಿ
ಬೆಂದ ಹಂಚನ್ನು ಬೆರಳ ಗಂಟಿನಿಂದ ತಟ್ಟಿ
ಕಿವಿಗೊಟ್ಟು ಬಿರುಕು ಹಿಡಿಯುವುದು ಅವರ ಕೆಲಸವಾಗಿತ್ತು.
ಹಾಡಿನುದ್ದಕ್ಕೂ ಆ ಬೆರಳು ಕುರ್ಚಿಯ ಕೈಯ ಮೇಲೆ.
"ಹೇಗಿತ್ತು ಬಾಯಮ್ಮ?"
"ಒಂದು ಕಡೆ ಉಂಟು," ಎಂದರು ತಗ್ಗಿದ ದನಿಯಲ್ಲಿ,
"ಕೆಳಗಿನ ಸ್ವರ ಬರುವಾಗ, ಸಪೂರ.
ಬೇಯುವಾಗ ಆದದ್ದಲ್ಲ.
ಸಾಗಿಸುವಾಗ ಆದದ್ದು."

ಪತ್ರಿಕೆಯಲ್ಲಿ ಬಂದದ್ದು ಆರು ಸಾಲು.
ಅಳಿವೆ ಹೋಗಿತ್ತು, ಪ್ರಾಯೋಜಕರು ಉಳಿದಿದ್ದರು,
ನಾನು ಹೊಡೆದುಹಾಕಿದ ಮಂತ್ರಮುಗ್ಧ
ಯಾರ ಕೈಯಿಂದಲೋ ವಾಪಸು ಬಂದಿತ್ತು.
ಕ್ಷಮೆ ಕೇಳಲು ಜೆಪ್ಪಿಗೆ ಹೋದೆ.
ಅವರು ಆಗಲೇ ಕತ್ತರಿಸಿಟ್ಟಿದ್ದರು.
ಕನ್ನಡಕ ಏರಿಸಿ, ಅಕ್ಷರದ ಕೆಳಗೆ ಬೆರಳಿಟ್ಟು
ಮಂ, ತ್ರ, ಮು, ಎನ್ನುತ್ತ,
"ಇದೊಂದೇ ನೋಡಿ, ನಾನೇ ಓದಲಿಕ್ಕಾಗುವುದು."
ಡಬ್ಬಿಗೆ ಹಾಕುವಾಗ ತುಣುಕು ಮಗುಚಿತು.
ಹಿಂಬದಿಯಲ್ಲಿ ಆ ದಿನದ ಚಿನ್ನದ ದರ.